ಖಾಲಿ ಉಳಿದ ಮನೆಗೆ ಏನು ತುಂಬುವುದು?

ಸಮೀಕ್ಷೆಯವರು ಬಂದರೆ ಜನ ಊರ ಸಮಾಚಾರವನ್ನೆಲ್ಲ ಹೇಳುತ್ತಾರೆ, ಸಂಬಳದ ಮಾತು ಬಂದಾಗ ಸುಮ್ಮನಾಗುತ್ತಾರೆ. ಫಾರಂನಲ್ಲಿ ಆ ಮನೆ ಖಾಲಿ. ಆಮೇಲೆ ಲೆಕ್ಕಕ್ಕೆ ಕೂತವರು ಅಲ್ಲಿ ಉಳಿದವರ ಸರಾಸರಿ ಬರೆದು ಮುಂದೆ ಹೋಗುತ್ತಾರೆ. ಇದನ್ನು ಕಂಡರೆ ನನಗೆ ನಿಜಕ್ಕೂ ಸಂಕಟ.

ಐದು ಜನ ಇದ್ದಾರೆ ಅನ್ನಿ. ಮೂವರ ಸಂಬಳ 10, 20, 30 ಸಾವಿರ. ಇಬ್ಬರದು ಖಾಲಿ, ಅವರಿಗೆ 20 ಹಾಕಿದಿರಿ. ಸರಾಸರಿ ಕದಲಲಿಲ್ಲ. ಆದರೆ ಸಂಖ್ಯೆಗಳು ಎಷ್ಟು ಹರಡಿವೆ ಎಂದು ಅಳೆಯುವ ವೇರಿಯನ್ಸ್ 100ರಿಂದ 50ಕ್ಕೆ ಇಳಿಯಿತು! ಆ ಇಬ್ಬರಲ್ಲಿ ಒಬ್ಬರು ಡಾಕ್ಟರು, ಇನ್ನೊಬ್ಬರು ಕೂಲಿಗೆ ಹೋಗುವವರಾದರೂ ಇಬ್ಬರಿಗೂ ಅದೇ 20. ಓದಿಗೂ ಸಂಬಳಕ್ಕೂ ಇರುವ ನಂಟು ಸಡಿಲವಾಯಿತು. ಹತ್ತಾರು ಪ್ರಶ್ನೆಗಳನ್ನು ಒಟ್ಟಿಗೆ ನೋಡುವುದೇ ಆ ನಂಟು ಹುಡುಕಲು, ಅಲ್ವಾ?

ಒಂದಾದರೂ ಮನೆ ಖಾಲಿ ಇರುವ ಫಾರಂಗಳನ್ನೇ ಬಿಟ್ಟರೆ? 20 ಪ್ರಶ್ನೆಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆಯಾಗಿ ಶೇ. 5 ಜನ ಉತ್ತರಿಸದಿದ್ದರೆ, ಪೂರ್ತಿ ತುಂಬಿದ ಫಾರಂ ಸಿಗುವುದು ನೂರಕ್ಕೆ ಸುಮಾರು 36.

ಅಮೆರಿಕದ ಜನಗಣತಿಯವರದು 'ಹಾಟ್ ಡೆಕ್' ದಾರಿ. ಅದೇ ತರಹದ ನೆರೆಯ ಕುಟುಂಬದ ಉತ್ತರವನ್ನು ಎರವಲು ತರುವುದು. ಮಾಹಿತಿಯನ್ನು ತೂತು ಕೊರೆದ ಪಂಚ್ ಕಾರ್ಡುಗಳಲ್ಲಿ ಇಡುತ್ತಿದ್ದ ಕಾಲದ ಹೆಸರು ಅದು; ಡೆಕ್ ಅಂದರೆ ಆ ಕಾರ್ಡುಗಳ ಕಟ್ಟು. 2000ದ ಗಣತಿಯಲ್ಲಿ ಹೀಗೆ ಸುಮಾರು 12 ಲಕ್ಷ ಜನ ಲೆಕ್ಕಕ್ಕೆ ಸೇರಿದರು. ಅಲ್ಲಿ ಸೀಟು ಹಂಚುವುದು ಜನಸಂಖ್ಯೆ ನೋಡಿ; ಅದರಿಂದ ಯೂಟಾ ರಾಜ್ಯಕ್ಕೆ ಸಿಗಬೇಕಿದ್ದ ಒಂದು ಸಂಸತ್ ಸೀಟು ನಾರ್ತ್ ಕರೊಲಿನಾ ಪಾಲಾಯಿತು. ಯೂಟಾ ಸುಪ್ರೀಂ ಕೋರ್ಟಿನವರೆಗೂ ಹೋಗಿ 2002ರಲ್ಲಿ ಸೋತಿತು. ಖಾಲಿ ಮನೆಯ ತೂಕ ಅಷ್ಟು!

ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ಹಿಡಿದದ್ದು ಇನ್ನೂ ಮೂಲದ ಪ್ರಶ್ನೆ: ಮನೆ ಖಾಲಿ ಉಳಿದದ್ದು ಯಾಕೆ? ಪುಟ ಹಾರಿಹೋಯಿತಾ? ವಯಸ್ಸಾದವರು ಉತ್ತರಿಸಲಿಲ್ಲವಾ? ಹಾಗಾದರೆ ಅವರ ವಯಸ್ಸು ನಮಗೆ ಗೊತ್ತಿದೆ, ದಾರಿ ಇದೆ. ಸಂಬಳ ಜಾಸ್ತಿ ಅಂತಲೇ ಮುಚ್ಚಿಟ್ಟರಾ? ಕಷ್ಟ ಇರುವುದು ಇಲ್ಲಿ.

ಅವರು ಕೊಟ್ಟ ಉಪಾಯ, ಒಂದೇ ಮನೆಯನ್ನು ಹಲವು ಸಲ ತುಂಬುವುದು. ಶಾಸನದಲ್ಲಿ ಸವೆದ ಅಕ್ಷರವನ್ನು ಊಹಿಸಿದವರು ಅದನ್ನು ಕಂಸದೊಳಗೆ ಬರೆಯುತ್ತಾರಲ್ಲ, ಹಾಗೆ ಇಲ್ಲೂ ಊಹೆ ಊಹೆಯಾಗಿಯೇ ಕಾಣಬೇಕು. ಡಾಕ್ಟರ ಓದು, ವಯಸ್ಸು, ಊರು ನೋಡಿ ಒಂದು ಪ್ರತಿಯಲ್ಲಿ 80 ಸಾವಿರ, ಇನ್ನೊಂದರಲ್ಲಿ 95, ಮತ್ತೊಂದರಲ್ಲಿ 70. ಪ್ರತಿಯೊಂದನ್ನೂ ಬೇರೆಯಾಗಿ ಲೆಕ್ಕ ಹಾಕಿ ಕೊನೆಗೆ ಬಂದ ಉತ್ತರಗಳ ಸರಾಸರಿ ತೆಗೆಯುತ್ತಾರೆ. ಪ್ರತಿಗಳ ನಡುವೆ ಬಂದ ವ್ಯತ್ಯಾಸವೇ ನಮಗೆ ಗೊತ್ತಿಲ್ಲದ್ದರ ಅಳತೆ.

ಬೇಕಂತಲೇ ಮುಚ್ಚಿಟ್ಟಿದ್ದಾರೆ ಅನಿಸಿದರೆ, ತುಂಬಿದ ಸಂಬಳಗಳನ್ನು ಶೇ. 10, ಆಮೇಲೆ ಶೇ. 20 ಏರಿಸಿ, ತೀರ್ಮಾನ ಎಲ್ಲಿ ಅಲುಗಾಡುತ್ತದೆ ಎಂದು ನೋಡುತ್ತಾರೆ.