ಅಜ್ಜಿ ಹೋಲಿಕೆ ಮೊಮ್ಮಗಳಲ್ಲಿ ಯಾಕೆ ಕಾಣಿಸುತ್ತೆ? ಬಟಾಣಿ ಗಿಡ ಕೊಟ್ಟ ಉತ್ತರ

ಮಗು ಹುಟ್ಟಿದ ತಕ್ಷಣ ಮೂಗು ಅಪ್ಪಂದು, ಗಲ್ಲ ಅಮ್ಮಂದು ಅಂತ ಹೋಲಿಕೆ ಹುಡುಕೋದು ಎಲ್ಲಾ ಕಾಲದಲ್ಲೂ ಇದ್ದಿದ್ದೇ. ಆದ್ರೆ ಅದು ಹೇಗೆ ಬರುತ್ತೆ ಅನ್ನೋದಕ್ಕೆ ಸಾವಿರಾರು ವರ್ಷ ಬರೀ ಊಹೆಗಳೇ ಇದ್ವು. ದೇಹದ ಒಂದೊಂದು ಅಂಗದಿಂದಲೂ ಸ್ವಲ್ಪ ಸ್ವಲ್ಪ ಸಾರ ಬಂದು ಬೀಜ ಆಗುತ್ತೆ ಅಂತ ಹಳೇ ಗ್ರೀಕರಲ್ಲಿ ಕೆಲವರು ನಂಬಿದ್ರು. ಆಮೇಲೆ 1677ರಲ್ಲಿ ಲೇವನ್‌ಹುಕ್ ಮೈಕ್ರೋಸ್ಕೋಪಲ್ಲಿ ವೀರ್ಯಾಣು ನೋಡಿದ, 1694ರಲ್ಲಿ ಹಾರ್ಟ್‌ಸೂಕರ್ ಅನ್ನೋನು ವೀರ್ಯಾಣುವಿನ ತಲೆಯೊಳಗೆ ಪುಟ್ಟ ಮನುಷ್ಯ ಮುದುಡಿ ಕೂತಿರೋ ಹಾಗೆ ಚಿತ್ರ ಬರೆದ. ಹಾಗಿದ್ರೆ ಮಗು ಅಮ್ಮನ ಥರ ಯಾಕಿರುತ್ತೆ? ಅದಕ್ಕೆ ಉತ್ತರ ಇರ್ಲಿಲ್ಲ.

19ನೇ ಶತಮಾನದಲ್ಲಿ ಹೆಚ್ಚಿನವರು ನಂಬಿದ್ದು ಎರಡು ಬಣ್ಣ ಕಲಸಿದ ಹಾಗೆ ಅಪ್ಪ ಅಮ್ಮನ ಗುಣ ಬೆರೆತುಹೋಗುತ್ತೆ ಅಂತ. ಕೇಳೋಕೆ ಸರಿ ಅನ್ಸುತ್ತೆ, ಆದ್ರೆ ಲೆಕ್ಕ ಹಾಕಿ ನೋಡಿ, ಒಬ್ಬರಲ್ಲಿ ಬಂದ ಹೊಸ ಗುಣ ಪ್ರತೀ ತಲೆಮಾರಿಗೂ ಅರ್ಧ ಆಗ್ತಾ ಹೋದ್ರೆ ಹತ್ತೇ ತಲೆಮಾರಲ್ಲಿ ಸಾವಿರದಲ್ಲಿ ಒಂದು ಪಾಲೂ ಉಳಿಯಲ್ಲ. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಅನ್ನೋ ಎಂಜಿನಿಯರ್ ಡಾರ್ವಿನ್‌ನ ವಿಕಾಸವಾದಕ್ಕೆ (ಒಳ್ಳೇ ಹೊಸ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಉಳಿದು ಜೀವಿಗಳು ಬದಲಾಗ್ತವೆ ಅನ್ನೋ ವಾದ) ಇದೇ ಥರದ ಆಕ್ಷೇಪ ಎತ್ತಿದ್ದು, ಅದು ಡಾರ್ವಿನ್‌ನ ನಿಜವಾಗ್ಲೂ ಕಾಡಿತ್ತು.

ಬೇಜಾರಿನ ವಿಷಯ ಅಂದ್ರೆ ಉತ್ತರ ಅಷ್ಟರಲ್ಲಾಗ್ಲೇ ಪ್ರಿಂಟ್ ಆಗಿತ್ತು. ಈಗಿನ ಚೆಕ್ ದೇಶದ ಬ್ರನೋ ಊರಿನ ಮಠದಲ್ಲಿ ಗ್ರೆಗರ್ ಮೆಂಡೆಲ್ 1856ರಿಂದ ಬಟಾಣಿ ಗಿಡ ಬೆಳೆಸ್ತಾ ಇದ್ರು. ಬಟಾಣಿ ಹೂವಲ್ಲಿ ಪರಾಗಸ್ಪರ್ಶ ತನ್ನಷ್ಟಕ್ಕೇ ಆಗಿಬಿಡುತ್ತೆ, ಅದಕ್ಕೆ ಇವ್ರು ಹೂ ಅರಳೋ ಮೊದಲೇ ಮೊಗ್ಗು ಬಿಡಿಸಿ, ಒಳಗಿನ ಕೇಸರಗಳನ್ನ ಒಂದೊಂದಾಗಿ ಚಿಮಟದಲ್ಲಿ ಕಿತ್ತು, ಬೇರೆ ಗಿಡದ ಪರಾಗ ತಂದು ಹಚ್ಚಬೇಕಿತ್ತು. ಹೀಗೆ ವರ್ಷಗಟ್ಟಲೆ. ಗುಂಡು ಕಾಳಿನ ತಳಿನೂ ಸುಕ್ಕು ಕಾಳಿನ ತಳಿನೂ ಕೂಡಿಸಿದಾಗ ಬಂದಿದ್ದೆಲ್ಲ ಗುಂಡು ಕಾಳೇ. ಅವನ್ನೇ ಮತ್ತೆ ಬಿತ್ತಿ, ಸಿಕ್ಕಿದ 7,324 ಕಾಳು ಎಣಿಸಿದ್ರೆ 5,474 ಗುಂಡು, 1,850 ಸುಕ್ಕು. ಹತ್ತಿರ ಹತ್ತಿರ ಮೂರಕ್ಕೆ ಒಂದು. ಅದಕ್ಕಿಂತ ಮುಖ್ಯ, ವಾಪಸ್ ಬಂದ ಸುಕ್ಕು ಅರೆಬರೆ ಸುಕ್ಕಲ್ಲ, ಪೂರ್ತಿ ಸುಕ್ಕು! ಅಂದ್ರೆ ಗುಣಗಳು ಬೆರೆತು ಕರಗಿಹೋಗಲ್ಲ, ಅಪ್ಪನಿಂದ ಒಂದು ಅಮ್ಮನಿಂದ ಒಂದು ಅಂತ ಜೋಡಿಯಾಗಿ ಬರ್ತವೆ, ಒಂದು ಕಾಣಿಸ್ಕೊಂಡ್ರೆ ಇನ್ನೊಂದು ಅಡಗಿ ಕೂತು ಮುಂದಿನ ತಲೆಮಾರಿಗೆ ಹಾಗೇ ದಾಟುತ್ತೆ. ನನ್ನ ಪ್ರಕಾರ ಇಡೀ ಜೀವಶಾಸ್ತ್ರದಲ್ಲೇ ಇಷ್ಟು ಚೆಂದದ ಎಣಿಕೆ ಇನ್ನೊಂದಿಲ್ಲ.

1866ರಲ್ಲಿ ಪ್ರಬಂಧ ಬಂತು, ಯಾರೂ ಅಷ್ಟಾಗಿ ಗಮನಿಸಲಿಲ್ಲ, ಮೆಂಡೆಲ್ 1884ರಲ್ಲಿ ತೀರಿಕೊಂಡ್ರು. 1900ರಲ್ಲಿ ಡಿ ಫ್ರೀಸ್, ಕೊರೆನ್ಸ್, ಚೆರ್ಮಾಕ್ ಅದನ್ನ ಮತ್ತೆ ಬೆಳಕಿಗೆ ತಂದ್ರು. ಆಮೇಲೆ ಎಲ್ಲಾ ಬೇಗ ಬೇಗ: ಈ ಗುಣಗಳನ್ನ ಹೊತ್ತಿರೋದು ಜೀವಕೋಶದೊಳಗಿನ ದಾರದಂಥ ಕ್ರೋಮೋಸೋಮ್ ಅಂತ ಮಾರ್ಗನ್ ಹಣ್ಣಿನ ನೊಣಗಳಲ್ಲಿ ತೋರಿಸಿದ್ರು, ಅದರೊಳಗಿನ ಡಿಎನ್‌ಎನೇ ಅಸಲಿ ವಸ್ತು ಅಂತ 1944ರಲ್ಲಿ ಏವರಿ ತಂಡ ಹೇಳ್ತು, 1953ರಲ್ಲಿ ಅದರ ರಚನೆ ಸಿಕ್ತು. ಮೆಂಡೆಲ್‌ರ ಸುಕ್ಕು ಕಾಳಿನ ಕಾರಣ ಗೊತ್ತಾಗಿದ್ದು ಮಾತ್ರ 1990ರಲ್ಲಿ. ಪಿಷ್ಟ ತಯಾರಿಸೋ ಒಂದು ಎಂಜೈಮಿನ ಜೀನ್ (ಅದನ್ನ ಮಾಡೋ ಸೂಚನೆ ಇರೋ ಡಿಎನ್‌ಎ ಭಾಗ) ಮಧ್ಯೆ ಸುಮಾರು 800 ಅಕ್ಷರದ (ಡಿಎನ್‌ಎಯ ಚಿಕ್ಕ ಘಟಕಗಳನ್ನ ಹೀಗನ್ನೋದು) ಡಿಎನ್‌ಎ ತುಂಡು ಸೇರ್ಕೊಂಡು ಆ ಜೀನ್ ಕೆಟ್ಟಿತ್ತು, ಪಿಷ್ಟ ಕಮ್ಮಿಯಾಗಿ ಸಕ್ಕರೆ ಉಳಿದು ಕಾಳು ಜಾಸ್ತಿ ನೀರು ಎಳ್ಕೊಳ್ತಿತ್ತು, ಒಣಗಿದಾಗ ಸುಕ್ಕು.

ಮನುಷ್ಯರ ಎತ್ತರ, ಮುಖ, ಮೈಬಣ್ಣ ಇಷ್ಟು ಸರಳ ಅಲ್ಲ. ಒಂದೊಂದರ ಹಿಂದೆ ತುಂಬಾ ಜೀನ್‌ಗಳು, ಜೊತೆಗೆ ಊಟ, ಪರಿಸರನೂ ಇರುತ್ತೆ, ಅದಕ್ಕೇ ಮೇಲ್ನೋಟಕ್ಕೆ ಬೆರೆತ ಹಾಗೆ ಕಾಣೋದು. ನಮ್ಮ 23 ಜೋಡಿ ಕ್ರೋಮೋಸೋಮಲ್ಲಿ ಪ್ರತೀ ಜೋಡಿಯಿಂದ ಒಂದೊಂದೇ ಮಗುಗೆ ಹೋಗೋದು, ಇಷ್ಟರಿಂದಲೇ ಒಬ್ಬರಲ್ಲಿ ಸುಮಾರು 84 ಲಕ್ಷ ಥರದ ಆಯ್ಕೆ ಸಾಧ್ಯ. ಅದರ ಮೇಲೆ ಜೋಡಿಗಳು ತಮ್ಮಲ್ಲೇ ತುಂಡು ಅದಲುಬದಲು ಮಾಡ್ಕೊಳ್ತವೆ. ಒಂದೇ ಅಪ್ಪ ಅಮ್ಮನ ಮಕ್ಕಳಾದ್ರೂ ಅಕ್ಕ ಒಂಥರ, ತಮ್ಮ ಇನ್ನೊಂಥರ ಇರೋದು ಇದಕ್ಕೇ.