ಅಂಗಾಂಶದ ಚೂರನ್ನು ಬುಗುರಿಯಂತೆ ತಿರುಗಿಸುವುದು ಯಾಕೆ?

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಒಂದು ಚೂರು. ತೂಕ 10-20 ಮಿಲಿಗ್ರಾಂ, ಹೆಚ್ಚೆಂದರೆ ಒಂದು ಅಕ್ಕಿಕಾಳಿನಷ್ಟು. ಅದರೊಳಗಿನ ರಾಸಾಯನಿಕಗಳು, ಅಂದರೆ ಲ್ಯಾಕ್ಟೇಟ್ ಎಷ್ಟಿದೆ, ಕೋಲಿನ್ ಎಷ್ಟಿದೆ ಅಂತ ಗೊತ್ತಾಗಬೇಕು, ಆದರೆ ಚೂರು ಹಾಳಾಗಬಾರದು, ಯಾಕೆಂದರೆ ಆಮೇಲೆ ಅದನ್ನೇ ಪೆಥಾಲಜಿಸ್ಟ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕೇಳಲು ಸಣ್ಣ ಬೇಡಿಕೆ. ಈಡೇರಲು ಅರ್ಧ ಶತಮಾನ ಹಿಡಿಯಿತು.

ಬಲವಾದ ಅಯಸ್ಕಾಂತದೊಳಗೆ ಹೈಡ್ರೋಜನ್‌ನಂಥ ಕೆಲವು ಪರಮಾಣುಗಳ ನ್ಯೂಕ್ಲಿಯಸ್ ತನ್ನದೇ ಆವರ್ತನದ ರೇಡಿಯೋ ಅಲೆಗೆ ಓಗೊಡುತ್ತದೆ. ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಅಂದರೆ ಇದೇ. 1946ರಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಅವರ ತಂಡಗಳು ಬೇರೆ ಬೇರೆಯಾಗಿ ಇದನ್ನು ತೋರಿಸಿಕೊಟ್ಟವು. 1951ರಲ್ಲಿ ಅರ್ನಾಲ್ಡ್, ಧರ್ಮಟ್ಟಿ, ಪ್ಯಾಕರ್ಡ್ ಎಥನಾಲ್ ಇಟ್ಟು ನೋಡಿದರೆ ಸಂಕೇತದ ನಕ್ಷೆಯಲ್ಲಿ ಒಂದಲ್ಲ, ಮೂರು ಶಿಖರ! ಒಂದೇ ಅಣುವಿನ ಹೈಡ್ರೋಜನ್‌ಗಳು ತಾವು ಕೂತ ಜಾಗವನ್ನು ತಾವೇ ಹೇಳುತ್ತಿದ್ದವು.

ಆದರೆ ಇದು ದ್ರವದ ಮಾತು. ದ್ರವದಲ್ಲಿ ಅಣುಗಳು ಸುಮ್ನೆ ಇರುವುದಿಲ್ಲ, ಎಲ್ಲ ದಿಕ್ಕಿಗೂ ಉರುಳಾಡುತ್ತವೆ, ಹಾಗಾಗಿ ಗೆರೆ, ಅಂದರೆ ಒಂದೊಂದು ಶಿಖರ, ಸಣ್ಣಗೆ ಬರುತ್ತದೆ. ಅಂಗಾಂಶ ಅತ್ತ ನೀರೂ ಅಲ್ಲ, ಇತ್ತ ಕಲ್ಲೂ ಅಲ್ಲ. ಶಿಖರಗಳೆಲ್ಲ ಕರಗಿ ದಿಬ್ಬವಾಗುತ್ತವೆ. ಅದಕ್ಕೇ ಬಹಳ ಕಾಲ ಚೂರನ್ನು ಆಮ್ಲದಲ್ಲಿ ಅರೆದು, ನೀರಿಗಿಳಿದದ್ದನ್ನಷ್ಟೇ ಅಳೆಯುತ್ತಿದ್ದರು. ಚಿತ್ರ ಚೆನ್ನಾಗಿ ಬರುತ್ತಿತ್ತು, ಚೂರು ಮಾತ್ರ ಇರುತ್ತಿರಲಿಲ್ಲ.

ತಮಾಷೆ ಅಂದರೆ ಮದ್ದು ಆಗಲೇ ಇತ್ತು. 1950ರ ದಶಕದ ಕೊನೆಗೇ ರೇಮಂಡ್ ಆಂಡ್ರ್ಯೂ ಮತ್ತು ಇರ್ವಿಂಗ್ ಲೋ, ಘನವಸ್ತುವನ್ನು ಅಯಸ್ಕಾಂತ ಕ್ಷೇತ್ರಕ್ಕೆ 54.7 ಡಿಗ್ರಿ ವಾಲಿಸಿ ಜೋರಾಗಿ ತಿರುಗಿಸಿದರೆ ಗೆರೆ ಕಿರಿದಾಗುತ್ತದೆ ಎಂದು ತೋರಿಸಿದ್ದರು. ಈ ‘ಮಾಯಾಕೋನ’ ಅಂಗಾಂಶದ ಬಳಿ ಬಂದದ್ದು 1990ರ ದಶಕದ ನಡುವಿನಲ್ಲಿ. 1997ರಲ್ಲಿ ಲಿಯೋ ಚೆಂಗ್ ಮತ್ತು ಸಂಗಡಿಗರು ಪಿಕ್ ಕಾಯಿಲೆಯ (ಮಿದುಳು ಸವೆಯುವ ಒಂದು ಕಾಯಿಲೆ) ಮಿದುಳಿನ ಚೂರುಗಳಲ್ಲಿ, ನರಕೋಶಗಳಲ್ಲಿರುವ ಎನ್-ಅಸಿಟೈಲ್ ಆಸ್ಪರ್ಟೇಟ್ ಎಂಬ ರಾಸಾಯನಿಕವನ್ನು ಅಳೆದು, ಅದನ್ನು ನರಕೋಶಗಳ ಎಣಿಕೆಯ ಪಕ್ಕ ಇಟ್ಟು ನೋಡಿದರು. ಎರಡೂ ಜೊತೆಗೇ ಇಳಿದಿದ್ದವು.

ಅಲ್ಲಿಗೆ ಮುಗಿಯಿತಾ? ಇಲ್ಲ. ಸೆಕೆಂಡಿಗೆ ನಾಲ್ಕೈದು ಸಾವಿರ ಸುತ್ತು ಅಂದರೆ ಸಾಮಾನ್ಯವೇ? ಕೋಶಗಳೇ ಜಜ್ಜಿಹೋಗಬಹುದು. ನಿಧಾನ ಮಾಡೋಣ ಅಂದರೆ ನೀರಿನ ದೊಡ್ಡ ಶಿಖರ ಎರಡೂ ಬದಿಗೆ ನೆರಳು ಚೆಲ್ಲುತ್ತದೆ, ಆ ನೆರಳು ಹೋಗಿ ನಮಗೆ ಬೇಕಾದ ಸಣ್ಣ ಶಿಖರದ ಮೇಲೇ ಕೂರುತ್ತದೆ. ಅದನ್ನು ಅಳಿಸುವ ಪಲ್ಸ್ ಸರಣಿಗಳಿಗಾಗಿಯೇ (ಲೆಕ್ಕ ಹಾಕಿ ಬಿಡುವ ರೇಡಿಯೋ ಮಿಡಿತಗಳ ಸಾಲು) ಎಷ್ಟೋ ಜನ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ.

ನನ್ನ ಕೇಳಿದರೆ ಇದಕ್ಕಿಂತ ಜಾಸ್ತಿ ಕಾಡುವುದು ಗಡಿಯಾರ. ರಕ್ತ ನಿಂತ ಕ್ಷಣದಿಂದ ಗ್ಲೂಕೋಸ್ ಇಳಿಯುತ್ತದೆ, ಲ್ಯಾಕ್ಟೇಟ್ ಏರುತ್ತದೆ. ಚೂರು ಹತ್ತು ನಿಮಿಷ ಟ್ರೇನಲ್ಲಿ ಕೂತಿದ್ದರೆ ನಾವು ಅಳೆಯುವುದು ಗಡ್ಡೆಯನ್ನೋ, ಆ ಹತ್ತು ನಿಮಿಷವನ್ನೋ? ಅದಕ್ಕೇ ತಕ್ಷಣ ದ್ರವ ಸಾರಜನಕದಲ್ಲಿ ಅದ್ದುತ್ತಾರೆ, ಅಳೆಯುವಾಗಲೂ 4 ಡಿಗ್ರಿ ಆಸುಪಾಸಿನಲ್ಲೇ ಇಡುತ್ತಾರೆ. ಕರಗಿದ ಮೇಲೆ ಕಿಣ್ವಗಳು ಮತ್ತೆ ಕೆಲಸ ಶುರು ಮಾಡುತ್ತವೆ ನೋಡಿ.

ಇನ್ನೊಂದು ಕಿರಿಕಿರಿ ಅಳತೆಗೋಲಿನದು. ಟಿಎಸ್‌ಪಿ ಎಂಬ ರಾಸಾಯನಿಕವನ್ನು ಗೊತ್ತಿರುವ ಪ್ರಮಾಣದಲ್ಲಿ ಹಾಕಿ, ಅದರ ಶಿಖರಕ್ಕೆ ಉಳಿದವನ್ನು ಹೋಲಿಸುವುದು ರೂಢಿ. ಆದರೆ ಅದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅದರ ಶಿಖರ ಕುಗ್ಗಿದರೆ ಉಳಿದದ್ದೆಲ್ಲ ಇರುವುದಕ್ಕಿಂತ ಹೆಚ್ಚು ಅಂತ ಲೆಕ್ಕ ಬರುತ್ತದೆ! ಅದಕ್ಕೆ ಚೂರಿಗೆ ಏನನ್ನೂ ಬೆರೆಸದೆ, ಯಂತ್ರದೊಳಕ್ಕೇ ಒಂದು ಕೃತಕ ರೇಡಿಯೋ ಸಂಕೇತ ಬಿಟ್ಟು, ಅದನ್ನೇ ಅಳತೆಗೋಲು ಮಾಡಿಕೊಳ್ಳುವ ದಾರಿಯನ್ನೂ ಕಂಡುಕೊಂಡಿದ್ದಾರೆ.