ಪದ ಪರಿಚಯ: ಲಘು ಲಾಠಿ ಪ್ರಹಾರ

ಕೊಡಗಿನ ಕಾಫಿ ತೋಟದವರಿಗೆ ಮಳೆ ಅಳೆದು ಅಭ್ಯಾಸ. "ನಿಮ್ಮಲ್ಲಿ ಎಷ್ಟು ಬಿತ್ತು?" ಅಂದರೆ ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲೇ ಉತ್ತರ ಬರುತ್ತದೆ. ಹವಾಮಾನ ಇಲಾಖೆಯ 'ಹಗುರ ಮಳೆ'ಗೂ ಅಳತೆ ಇದೆ. ದಿನಕ್ಕೆ 2.5ರಿಂದ 15.5 ಮಿಲಿಮೀಟರ್. ಹಾಗಾದರೆ ಪೇಪರಿನಲ್ಲಿ ಬರುವ 'ಲಘು ಲಾಠಿ ಪ್ರಹಾರ' ಎಷ್ಟು?

ಲಘು ಅಂದರೆ ಹಗುರ, ಪ್ರಹಾರ ಅಂದರೆ ಹೊಡೆತ. ಲಘು ಉಪಾಹಾರ ಅಂದ ಹಾಗೆ ಕೇಳಲು ಹಿತವಾಗಿಯೇ ಇದೆ. ಆದರೆ ಅದನ್ನು ಲಘು ಎಂದವರು ಸಾಮಾನ್ಯವಾಗಿ ಹೊಡೆದವರು. ಬೆನ್ನು ಬಾತವರನ್ನು ಯಾರೂ ಕೇಳಿರುವುದಿಲ್ಲ.

ಕಾನೂನಿನಲ್ಲಿ ಈ ಪದ ಇಲ್ಲ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಪ್ರಕಾರ ಅಕ್ರಮ ಕೂಟಕ್ಕೆ ಚದುರಿ ಎಂದು ಆದೇಶಿಸಬಹುದು. ಚದುರದಿದ್ದರೆ, ಅಥವಾ ಚದುರುವುದಿಲ್ಲ ಎಂಬುದು ನಡವಳಿಕೆಯಲ್ಲೇ ಕಂಡರೆ, ಬಲ ಬಳಸಬಹುದು. ಆದೇಶ ಕೊಡುವ ಪೊಲೀಸ್ ಅಧಿಕಾರಿ ಕನಿಷ್ಠ ಸಬ್ ಇನ್‌ಸ್ಪೆಕ್ಟರ್ ಆಗಿರಬೇಕು. ಸೇನೆಯನ್ನು ಕರೆಸಿದಾಗ ಮಾತ್ರ, 'ಆದಷ್ಟು ಕಡಿಮೆ ಬಲ, ಆದಷ್ಟು ಕಡಿಮೆ ಗಾಯ' ಎಂಬ ಅರ್ಥದ ಮಾತು 149ನೇ ಕಲಂನಲ್ಲಿ ಬಿಡಿಸಿ ಬರೆದಿದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2017ರಿಂದ ಒಂದು ಕ್ರಮ ಇದೆ. ಪೊಲೀಸರು ಪ್ರತಿ ಬಾರಿ ಬಲ ಬಳಸಿದಾಗಲೂ ದಾಖಲಿಸಬೇಕು. ಬರೀ ಕೈಕೋಳ ಹಾಕಿದರೂ ಸರಿ. ಏನು ಬಳಸಿದೆ, ಯಾಕೆ, ಯಾರಿಗೆ ಗಾಯವಾಯಿತು, ಎಲ್ಲ ಬರೆಯಬೇಕು. 'ಲಘು' ಎಂದು ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ. (ತಮಾಷೆ ಎಂದರೆ ಅಲ್ಲಿನ ಮಾಮೂಲಿ ಪೊಲೀಸರ ಸೊಂಟದಲ್ಲಿ ಪಿಸ್ತೂಲೇ ಇರುವುದಿಲ್ಲ. ಇಲ್ಲಿ ಕೊಡವರ ಮನೆಯಲ್ಲಿ ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿಗೆ ಪೂಜೆಯೇ ಆಗುತ್ತದೆ!)

ಪದ ಎಷ್ಟು ಮುಚ್ಚಿಡಬಲ್ಲದು ಎನ್ನುವುದಕ್ಕೆ ಅಮೆರಿಕದ ಮಿನಿಯಾಪೊಲಿಸ್ ನೋಡಿ. 2020ರ ಮೇ 25ರಂದು ಪೊಲೀಸರು ಹಿಡಿದಿದ್ದ ಜಾರ್ಜ್ ಫ್ಲಾಯ್ಡ್ ಸತ್ತಾಗ ಪೊಲೀಸರ ಮೊದಲ ಹೇಳಿಕೆಯ ಶೀರ್ಷಿಕೆಯಲ್ಲಿ ಇದ್ದದ್ದು 'ವೈದ್ಯಕೀಯ ಘಟನೆ'ಯಿಂದ ಸಾವು ಎಂಬ ಅರ್ಥದ ಮಾತು. ಕತ್ತಿನ ಮೇಲೆ ಒತ್ತಿದ ಮೊಣಕಾಲಿನ ಸುದ್ದಿಯೇ ಇರಲಿಲ್ಲ. ದಾರಿಯಲ್ಲಿದ್ದ 17 ವರ್ಷದ ಹುಡುಗಿ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದಳು. ಮೊಣಕಾಲು ಒತ್ತಿದ ಪೊಲೀಸ್ ಅಧಿಕಾರಿ ಡೆರೆಕ್ ಶಾವಿನ್‌ಗೆ ಮರುವರ್ಷ ಇಪ್ಪತ್ತೆರಡೂವರೆ ವರ್ಷ ಜೈಲು ಶಿಕ್ಷೆಯಾಯಿತು.

ನಮ್ಮಲ್ಲಿ ಕೇಸು ಅಷ್ಟು ಸುಲಭಕ್ಕೆ ಕೋರ್ಟಿಗೆ ಹೋಗುವುದಿಲ್ಲ. ಗುಂಪು ಚದುರಿಸುವಾಗ ನಡೆದದ್ದಕ್ಕೆ ಪೊಲೀಸರ ಮೇಲೆ ಮೊಕದ್ದಮೆ ನಡೆಸಲು ಅದೇ ಸಂಹಿತೆಯ 151ನೇ ಕಲಂ ಪ್ರಕಾರ ರಾಜ್ಯ ಸರ್ಕಾರದ ಅನುಮತಿ ಬೇಕು. 2006ರಲ್ಲಿ ಪೊಲೀಸ್ ಸುಧಾರಣೆ ಕೋರಿದ್ದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ದಾರಿ ತೆರೆಯಿತು. ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಎಂದಿತು. ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಜಿಲ್ಲೆಯದಕ್ಕೆ, ಎಸ್‌ಪಿ ಮತ್ತು ಮೇಲಿನವರದ್ದು ರಾಜ್ಯದ್ದಕ್ಕೆ.

2020ರಲ್ಲಿ ಅದೇ ಕೋರ್ಟ್ ಎಲ್ಲ ಠಾಣೆಗಳಿಗೂ ದನಿ ಸಮೇತ ದಾಖಲಿಸುವ ಸಿಸಿಟಿವಿ ಬೇಕು, ದೃಶ್ಯ 18 ತಿಂಗಳು ಉಳಿಯಬೇಕು ಎಂದಿತು. ಆದರೆ ಗುಂಪಿನ ಮೇಲೆ ಲಾಠಿ ಬೀಸುವುದು ಠಾಣೆಯೊಳಗಲ್ಲ, ರಸ್ತೆಯಲ್ಲಿ, ಅಲ್ವಾ? ಅಲ್ಲಿ ಏಟಿನ ಅಳತೆ ಸಿಗುವುದು ಆಸ್ಪತ್ರೆಯಲ್ಲಿ ವೈದ್ಯರು ಬರೆದ ಗಾಯದ ಪತ್ರದಲ್ಲಿ. ಎಷ್ಟು ಉದ್ದ, ಎಷ್ಟು ಅಗಲ ಎಂದು ಅದರಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಇರುತ್ತದೆ.